ದುಬಾರಿ ಹವ್ಯಾಸದ ಸಾಮಾನಿನ ಬೆಲೆ ಯಾರಾದರೂ ಕೇಳಿದರೆ ಏನು ಹೇಳಬೇಕು?

ಯಾಕೆ ಕೇಳುತ್ತಿದ್ದಾರೆ ಅಂತ ನೋಡಿ ಹೇಳಿ. ತಾವೂ ಕೊಳ್ಳಬೇಕು ಅಂದುಕೊಂಡವರಿಗೆ ನಿಜವಾದ ಬೆಲೆಯನ್ನೇ ತಿಳಿಸಿ, ಹೊಸಬರಿಗೆ ಎಷ್ಟರದು ಸಾಕು ಅನ್ನುವುದನ್ನೂ ಸೇರಿಸಿ. ಸುಮ್ನೆ ಕುತೂಹಲಕ್ಕೆ ಕೇಳಿದವರಿಗೆ "ಸ್ವಲ್ಪ ಜಾಸ್ತಿನೇ ಆಯ್ತು, ದುಡ್ಡು ಕೂಡಿಟ್ಟು ತಗೊಂಡೆ" ಅಂದರೆ ಸಾಕು.

ಬರೀ ಅಂಕಿ ಹೇಳಿದರೆ ಯಾಕೆ ಎಡವಟ್ಟಾಗುತ್ತದೆ? ಆ ಸಾಮಾನಿನ ಮಾಮೂಲಿ ಬೆಲೆ ಕೇಳಿದವರಿಗೆ ಗೊತ್ತಿರುವುದಿಲ್ಲ. ಹಾಗಾಗಿ ತಮಗೆ ಗೊತ್ತಿರುವ ಯಾವುದಕ್ಕೋ ಹೋಲಿಸುತ್ತಾರೆ. ಹಕ್ಕಿಗಳ ಫೋಟೋ ತೆಗೆಯುವ ದೊಡ್ಡ ಲೆನ್ಸಿನ ಬೆಲೆ ಕೇಳಿ, "ಫೋನಲ್ಲೇ ಕ್ಯಾಮೆರಾ ಇದೆ ಅಲ್ವಾ?" ಅನ್ನುತ್ತಾರೆ. ದೂರದ ಹಕ್ಕಿ ಮಬ್ಬು ಬೆಳಕಿನಲ್ಲೂ ಸ್ಪಷ್ಟವಾಗಿ ಕಾಣಬೇಕಾದರೆ ಅಗಲವಾದ, ಬಹಳ ನಿಖರವಾಗಿ ಉಜ್ಜಿದ ಗಾಜುಗಳು ಬೇಕು. ದುಡ್ಡು ಹೋಗುವುದು ಅಲ್ಲಿಗೆ. ಇಷ್ಟನ್ನು ಬೆಲೆಯ ಜೊತೆಗೇ ಹೇಳಿಬಿಡಿ.

ಬೆಲೆ ತಗ್ಗಿಸಿ ಮಾತ್ರ ಹೇಳಬೇಡಿ. "ಅಷ್ಟೇನಾ? ನನಗೂ ಒಂದು ತರಿಸಿಕೊಡಿ" ಅಂದಾರು!