ಒಂದೇ ಬೇರು, ಆದರೂ ಒಬ್ಬರಿಗೆ ಕಾರು, ಇನ್ನೊಬ್ಬರಿಗೆ ಕುದುರೆ ಗಾಡಿ ಯಾಕೆ?

ಪ್ರಶ್ನೆ: ನಾನು ಹಾಸನದ ಕಡೆಯವನು. ಈಗ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಲ್ಯಾಂಕಾಸ್ಟರ್ ಹತ್ತಿರ ಇದ್ದೇನೆ. ಇಲ್ಲಿನ ಅಮಿಶ್ ಎಂಬ ಕ್ರೈಸ್ತ ಪಂಗಡದ ಜನ ಕುದುರೆ ಗಾಡಿಯಲ್ಲಿ ಓಡಾಡುತ್ತಾರೆ. ನನ್ನ ಜೊತೆ ಕೆಲಸ ಮಾಡುವ, ಮೆನ್ನೊನೈಟ್ ಎಂಬ ಇನ್ನೊಂದು ಕ್ರೈಸ್ತ ಪಂಗಡದ ಒಬ್ಬರು ಕಾರಿನಲ್ಲಿ ಬರುತ್ತಾರೆ. 'ನಾವೂ ಅವರೂ ಅನಾಬ್ಯಾಪ್ಟಿಸ್ಟರೇ' ಅನ್ನುತ್ತಾರೆ. ಹಾಗಿದ್ದರೆ ಇಷ್ಟು ಒಡಕು ಯಾಕೆ? ಸಮಾಜದಿಂದ ದೂರ ಇರುವುದು ಜವಾಬ್ದಾರಿ ತಪ್ಪಿಸಿಕೊಂಡ ಹಾಗಲ್ವಾ? ಅವರ ಆರಾಧನೆಗೆ ನಾವು ಹೋಗಬಹುದಾ?

ಉತ್ತರ: ಗಾಡಿ, ಟೋಪಿ, ಗಡ್ಡದಿಂದ ಶುರು ಮಾಡಿದರೆ ಇದು ಅರ್ಥವಾಗುವುದಿಲ್ಲ. ಹಸುಗೂಸಿನ ದೀಕ್ಷಾಸ್ನಾನದಿಂದ, ಅಂದರೆ ಕ್ರೈಸ್ತ ಸಭೆಗೆ (ಚರ್ಚ್‌ಗೆ) ಸೇರಿಸುವ ನೀರಿನ ವಿಧಿಯಿಂದ, ಶುರು ಮಾಡಬೇಕು.

16ನೇ ಶತಮಾನದ ಯೂರೋಪಿನಲ್ಲಿ ಮಗು ಹುಟ್ಟಿದ ಕೆಲವೇ ದಿನಕ್ಕೆ ದೀಕ್ಷಾಸ್ನಾನ ಆಗುತ್ತಿತ್ತು. ಅಲ್ಲಿಗೆ ಅದು ಸಭೆಗೂ ಸೇರಿತು, ಊರಿಗೂ ಸೇರಿತು. ಎರಡೂ ಬೇರೆ ಎಂದು ಯಾರಿಗೂ ಅನಿಸಿರಲಿಲ್ಲ. 1525ರ ಜನವರಿ 21ರಂದು ಸ್ವಿಟ್ಜರ್ಲೆಂಡ್‌ನ ಜೂರಿಕ್‌ನ ಒಂದು ಮನೆಯಲ್ಲಿ ಕೆಲವರು ಸೇರಿದರು. ಕಾನ್ರಾಡ್ ಗ್ರೇಬೆಲ್ ಎಂಬಾತ ಜಾರ್ಜ್ ಬ್ಲಾರಾಕ್‌ಗೆ ದೀಕ್ಷಾಸ್ನಾನ ಕೊಟ್ಟ. ಬ್ಲಾರಾಕ್ ಪಾದ್ರಿಯಾಗಿದ್ದವನು, ಮಗುವಾಗಿದ್ದಾಗಲೇ ಅವನಿಗೆ ಅದು ಆಗಿತ್ತು. ತಿಳಿದು ಒಪ್ಪದೆ ಆದದ್ದು ಲೆಕ್ಕಕ್ಕಿಲ್ಲ ಎನ್ನುವುದು ಇವರ ವಾದ. 'ಅನಾಬ್ಯಾಪ್ಟಿಸ್ಟ್', ಅಂದರೆ ಎರಡನೇ ಸಲ ದೀಕ್ಷಾಸ್ನಾನ ಮಾಡಿಸುವವರು, ಎಂಬ ಹೆಸರು ವಿರೋಧಿಗಳು ಇಟ್ಟದ್ದು. ಇವರ ಪ್ರಕಾರ ಅದೇ ಮೊದಲನೆಯದು.

ಸುಮ್ನೆ ನೀರಿನ ಜಗಳ ಅನಿಸಬಹುದು. ಜೂರಿಕ್ ನಗರಸಭೆಗೆ ಹಾಗೆ ಅನಿಸಲಿಲ್ಲ. ಸಭೆಗೆ ಸೇರುವುದು ಮನುಷ್ಯನ ಆಯ್ಕೆ ಅಂದ ಕೂಡಲೇ, ಸೇರದೆ ಇರುವುದೂ ಆಯ್ಕೆಯೇ ಆಗುತ್ತದೆ. ಆಗ ಊರಿನ ಹಿಡಿತ ಎಲ್ಲಿ ಉಳಿಯಿತು? 1527ರ ಜನವರಿ 5ರಂದು ಇವರಲ್ಲೊಬ್ಬನಾದ ಫೆಲಿಕ್ಸ್ ಮಾಂಜ್‌ನನ್ನು ದೋಣಿಯಲ್ಲಿ ಕರೆದೊಯ್ದರು. ಕೈ ಕಟ್ಟಿ ಮಂಡಿಯ ಮೇಲಿಂದ ಹಾಯಿಸಿ, ನಡುವೆ ಕೋಲು ತೂರಿಸಿ, ಲಿಮ್ಮಾಟ್ ನದಿಗೆ ನೂಕಿದರು. ಹಾಗೆ ಮಾಡಿಸಿದವರು ಪೋಪನನ್ನು ಧಿಕ್ಕರಿಸಿದ ಸುಧಾರಕರೇ ಅನ್ನುವುದನ್ನು ಮರೆಯಬೇಡಿ.

ಮುಂದಿನ ತಿಂಗಳು ಶ್ಲೈಟ್‌ಹೈಮ್ ಎಂಬ ಹಳ್ಳಿಯಲ್ಲಿ ಅನಾಬ್ಯಾಪ್ಟಿಸ್ಟರು ಏಳು ಅಂಶ ಒಪ್ಪಿಕೊಂಡರು. ಸರ್ಕಾರದ ಕತ್ತಿ ಲೋಕಕ್ಕೆ ಬೇಕು, ಸಭೆಗೆ ಬೇಡ. ಆಣೆ ಮಾಡುವುದಿಲ್ಲ. ತಪ್ಪಿದವನಿಗೆ ಬುದ್ಧಿ ಹೇಳಬೇಕು, ಕೇಳದಿದ್ದರೆ ಬಹಿಷ್ಕಾರ, ಅದಕ್ಕಿಂತ ಹೆಚ್ಚಿನ ಶಿಕ್ಷೆ ಇಲ್ಲ. ಇದನ್ನು ಬರೆದವನೆಂದು ಹೇಳುವ ಮೈಕೆಲ್ ಸ್ಯಾಟ್ಲರ್‌ನನ್ನು ಆ ವರ್ಷ ಮೇ ತಿಂಗಳಲ್ಲೇ ಸುಟ್ಟರು.

ಎಲ್ಲರೂ ಕತ್ತಿ ಬಿಟ್ಟವರೇ ಅಂತಲ್ಲ. 1534ರಲ್ಲಿ ಜರ್ಮನಿಯ ಮ್ಯೂನ್‌ಸ್ಟರ್ ಪಟ್ಟಣವನ್ನು ಹಿಡಿದು, ರಾಜ್ಯವನ್ನೇ ಕಟ್ಟಲು ಹೋದ ಗುಂಪೂ ಇತ್ತು. ಮರು ವರ್ಷ ಪಟ್ಟಣ ಬಿತ್ತು. ಮುಖಂಡರ ಹೆಣ ತೂಗಿಸಿದ್ದ ಮೂರು ಪಂಜರ ಚರ್ಚ್ ಗೋಪುರದಲ್ಲಿ ಇವತ್ತಿಗೂ ಇವೆ. ಆ ಗಲಾಟೆಯ ನಂತರ ಚದುರಿದವರನ್ನು ಶಾಂತಿಯ ದಾರಿಗೆ ತಂದವನು ಮೆನ್ನೊ ಸೈಮನ್ಸ್. ನಿಮ್ಮ ಸಹೋದ್ಯೋಗಿಯ ಪಂಗಡದ ಹೆಸರು ಅವನದೇ.

ಈಗ ಒಡಕಿನ ಪ್ರಶ್ನೆ. ದೊಡ್ಡ ಸಭೆಗಳಿಗೆ ಬಿಷಪ್ ಇದ್ದಾರೆ, ಧರ್ಮಪ್ರಮಾಣ, ಅಂದರೆ ನಂಬಿಕೆಯ ಲಿಖಿತ ಸಾರ, ಇದೆ. ಅದಕ್ಕೆ ಒಪ್ಪಿದರೆ ಏಕತೆ ಆಯಿತು. ಇವರಲ್ಲಿ ಏಕತೆ ಅಂದರೆ ಒಂದೇ ರೀತಿ ಬಾಳುವುದು. ಅಮಿಶರಲ್ಲಿ ವರ್ಷಕ್ಕೆ ಎರಡು ಸಲ ಪ್ರಭು ಭೋಜನ, ಅಂದರೆ ಯೇಸುವಿನ ಕೊನೆಯ ಊಟವನ್ನು ನೆನೆಯುವ ವಿಧಿ. ಅದಕ್ಕೆ ಮೊದಲು ಸಭೆ ಕೂತು, ನಿಯಮಗಳಿಗೆ ಎಲ್ಲರ ಒಪ್ಪಿಗೆ ಇದೆಯಾ, ಯಾರಿಗೆ ಯಾರ ಮೇಲೆ ಬೇಸರ ಇದೆ ಎಂದು ಕೇಳುತ್ತಾರೆ. ಬೇಸರ ತೀರದಿದ್ದರೆ ಭೋಜನವೇ ಮುಂದಕ್ಕೆ ಹೋಗಬಹುದು! ತೀರಿದರೆ ರೊಟ್ಟಿ, ದ್ರಾಕ್ಷಾರಸ, ಆಮೇಲೆ ಇಬ್ಬಿಬ್ಬರಾಗಿ ಒಬ್ಬರ ಕಾಲನ್ನು ಒಬ್ಬರು ತೊಳೆಯುವುದು. ಮನಸ್ತಾಪ ಇಟ್ಟುಕೊಂಡು ಇನ್ನೊಬ್ಬನ ಪಾದ ತೊಳೆಯುವುದು ಸುಲಭ ಅಲ್ಲ.

ನನ್ನ ಪ್ರಕಾರ ಅವರ ಬಲವೂ ಇಲ್ಲೇ, ಒಡಕೂ ಇಲ್ಲೇ. ಬಾಳುವ ರೀತಿಯೇ ಸಭೆ ಆದಾಗ ಸಣ್ಣ ವ್ಯತ್ಯಾಸವೂ ದೊಡ್ಡದಾಗುತ್ತದೆ. ಬಹಿಷ್ಕೃತನ ಜೊತೆ ಊಟಕ್ಕೆ ಕೂರಬಹುದಾ? 1693ರಲ್ಲಿ ಈ ಪ್ರಶ್ನೆ ಎತ್ತಿ ಜಾಕೋಬ್ ಅಮ್ಮಾನ್ ಬೇರೆಯಾದ. ಅಮಿಶ್ ಹೆಸರು ಬಂದದ್ದು ಅವನಿಂದ. ತಾವು ದುಡುಕಿದೆವು ಎಂದು ಮುಂದೆ ಅವನೂ ಸಂಗಡಿಗರೂ ತಮಗೆ ತಾವೇ ಬಹಿಷ್ಕಾರ ಹಾಕಿಕೊಂಡರು. ಆದರೂ ಹೊಂದಾಣಿಕೆ ಆಗಲಿಲ್ಲ.

ಕುದುರೆ ಗಾಡಿಯೂ ಇದೇ ಲೆಕ್ಕದ್ದು. ಕಾರು ಪಾಪ ಎಂದು ಅವರು ಹೇಳುವುದಿಲ್ಲ. ಬೇಕಾದಾಗ ಬಾಡಿಗೆ ಕೊಟ್ಟು ಬೇರೆಯವರ ಕಾರಿನಲ್ಲಿ ಕೂರುತ್ತಾರೆ. ಸ್ವಂತ ಕಾರು ಬಂದರೆ ಮನೆಮಂದಿ ದೂರ ದೂರ ಹರಡುತ್ತಾರೆ, ನೆರೆಹೊರೆ ಸಡಿಲವಾಗುತ್ತದೆ ಎನ್ನುವುದು ಅವರ ಭಯ. ನಿಮ್ಮ ಸಹೋದ್ಯೋಗಿಯ ಸಭೆಗೆ ಆ ಭಯ ಇಲ್ಲ, ಅಷ್ಟೇ.

ಜವಾಬ್ದಾರಿ ತಪ್ಪಿಸಿಕೊಳ್ಳುತ್ತಾರೆ ಎನ್ನುವ ಮಾತು ಅಮಿಶರಿಗೆ ಸ್ವಲ್ಪ ತಾಗುತ್ತದೆ. ಎಂಟನೇ ತರಗತಿಗೆ ಓದು ನಿಲ್ಲಿಸುವ ಹಕ್ಕಿಗಾಗಿ ಅವರ ಕೇಸು ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೂ ಹೋಗಿ, 1972ರಲ್ಲಿ ತೀರ್ಪು ಅವರ ಪರ ಬಂತು. ಆ ಮಕ್ಕಳನ್ನು ಯಾರು ಕೇಳಿದರು ಎಂಬ ತಕರಾರು ನನಗಿದೆ. ಆದರೆ ಎಲ್ಲರೂ ಒಂದೇ ಅಲ್ಲ. ಮೆನ್ನೊನೈಟರು 1920ರಲ್ಲಿ ಪರಿಹಾರ ಸಂಸ್ಥೆ ಕಟ್ಟಿ ದಕ್ಷಿಣ ರಷ್ಯಾದ ಬರಗಾಲದಲ್ಲಿ ಊಟ ಹಾಕಿದರು. ಎರಡನೇ ಮಹಾಯುದ್ಧದಲ್ಲಿ ಬಂದೂಕು ಹಿಡಿಯಲ್ಲ ಎಂದ ಹುಡುಗರು ಮಾನಸಿಕ ಆಸ್ಪತ್ರೆಗಳಲ್ಲಿ ದುಡಿದು, ಅಲ್ಲಿನ ಹೀನ ಸ್ಥಿತಿಯನ್ನು ಹೊರಗೆ ಹೇಳಿದರು. ಯುದ್ಧಕ್ಕೆ ಹೋಗದವರೆಲ್ಲ ಮನೆಯಲ್ಲಿ ಕೂತವರಲ್ಲ.

ಅಂದಹಾಗೆ, ಇವರು ಅಮೆರಿಕದಲ್ಲಷ್ಟೇ ಇಲ್ಲ. ನಮ್ಮ ರಾಯಚೂರಿನ ಆಚೆ, ತೆಲಂಗಾಣದ ಮಹಬೂಬ್‌ನಗರ ಕಡೆ ತೆಲುಗು ಮಾತಾಡುವ ಮೆನ್ನೊನೈಟ್ ಬ್ರದರನ್ ಸಭೆಗಳಿವೆ.

ಆರಾಧನೆಗೆ ಹೋಗಬಹುದಾ? ಮೆನ್ನೊನೈಟ್ ಚರ್ಚ್‌ಗೆ ಭಾನುವಾರ ಧಾರಾಳವಾಗಿ ಹೋಗಿ. ಅಮಿಶರ ಆರಾಧನೆ ನಡೆಯುವುದು ಯಾರದೋ ಮನೆಯಲ್ಲೋ ಕೊಟ್ಟಿಗೆಯಲ್ಲೋ, ಆದ್ದರಿಂದ ಕರೆದರೆ ಮಾತ್ರ ಹೋಗಿ. ಸುಮಾರು ಮೂರು ಗಂಟೆ, ಬೆನ್ನಿಗೆ ಆಸರೆಯಿಲ್ಲದ ಬೆಂಚು, ಜರ್ಮನ್ ಹಾಡು. ಫೋನು ಜೇಬಿನಲ್ಲೇ ಇರಲಿ, ಫೋಟೋ ಬೇಡ.