ಸುತ್ತಿದ್ದು 22 ಅಂಗಡಿ, ಫಾರ್ಮ್‌ನಲ್ಲಿ 60

ಪ್ರಶ್ನೆ: ಮೇಡಂ, ನಾನು ಬಿಬಿಎ ಐದನೇ ಸೆಮಿಸ್ಟರ್. ಮಾರ್ಕೆಟಿಂಗ್ ಪ್ರಾಜೆಕ್ಟ್‌ಗೆ ನಾವು ನಾಲ್ವರು ಹಾಸನದ ಕಿರಾಣಿ ಅಂಗಡಿಗಳಲ್ಲಿ ಪ್ಯಾಕೆಟ್ ಮೊಸರಿನ ಮಾರಾಟದ ಸರ್ವೆ ಮಾಡಬೇಕಿತ್ತು. 60 ಅಂಗಡಿ ಎಂದು ಸಿನಾಪ್ಸಿಸ್‌ನಲ್ಲಿ ಬರೆದುಕೊಟ್ಟಿದ್ದೆವು. ಸುತ್ತಿದ್ದು 22. ಉಳಿದ 38ನ್ನು ಒಬ್ಬ ಗೆಳತಿ ಮನೆಯಲ್ಲೇ ಕೂತು ಗೂಗಲ್ ಫಾರ್ಮ್‌ನಲ್ಲಿ ತುಂಬಿದ್ದಾಳೆ. ಮೊದಲೆರಡು ಅಧ್ಯಾಯ ಸೀನಿಯರ್ ರಿಪೋರ್ಟಿನದು, ಅಲ್ಲಲ್ಲಿ ಪದ ಬದಲಿಸಿದ್ದೇವೆ. ‘ಹೋಲಿಕೆ 10 ಪರ್ಸೆಂಟ್ ಒಳಗಿದ್ದರೆ ಯುಜಿಸಿಯೇ ಬಿಡುತ್ತೆ’ ಅಂತಾಳೆ ಅವಳು. ಸಬ್ಮಿಷನ್‌ಗೆ ಒಂಬತ್ತು ದಿನ ಇದೆ. ಗೈಡ್‌ಗೆ ಹೇಳಿದರೆ ಗೆಳತಿಯನ್ನು ಹಿಡಿದುಕೊಟ್ಟ ಹಾಗಾಗುತ್ತೆ. ಏನು ಮಾಡಲಿ?
– ಹೆಸರು ಬೇಡ, ಹಾಸನ

ಉತ್ತರ: ನನ್ನ ಕ್ಲಾಸಿನ ಮಕ್ಕಳನ್ನು ಕರೆಯುವ ಹಾಗೆ ನಿನ್ನನ್ನೂ ಏಕವಚನದಲ್ಲೇ ಕರೆಯುತ್ತೇನೆ, ಬೇಸರ ಮಾಡ್ಕೋಬೇಡ. ಒಂಬತ್ತು ದಿನ ಮೊದಲೇ ಕೇಳಿದ್ದೀಯ. ಇನ್ನೂ ಏನೂ ಕೈಮೀರಿಲ್ಲ.

ಮೊದಲು ಆ 10 ಪರ್ಸೆಂಟ್ ವಿಷಯ. ಅದು ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ, 2018ರ ನಿಯಮ. 10ರವರೆಗಿನ ಹೋಲಿಕೆಗೆ ದಂಡವಿಲ್ಲ, 60 ದಾಟಿದರೆ ಸಂಶೋಧಕರ ನೋಂದಣಿಯೇ ರದ್ದು. ಆದರೆ ಅದು ಸ್ನಾತಕೋತ್ತರ ಮತ್ತು ಸಂಶೋಧನಾ ಪ್ರಬಂಧಗಳಿಗೆ, ಪ್ರಕಟವಾಗುವ ಲೇಖನಗಳಿಗೆ. ಅಸೈನ್‌ಮೆಂಟ್, ಪ್ರಾಜೆಕ್ಟ್ ರಿಪೋರ್ಟ್, ಉತ್ತರಪತ್ರಿಕೆಗಳನ್ನು ಆ ನಿಯಮವೇ ಹೊರಗಿಟ್ಟಿದೆ. ನಿನಗೆ ಅನ್ವಯಿಸುವುದು ನಿನ್ನ ಕಾಲೇಜಿನ, ವಿಶ್ವವಿದ್ಯಾಲಯದ ನಿಯಮ. ಇನ್ನೊಂದು ಮಾತು: ಕಾಪಿ ಪತ್ತೆ ಮಾಡುವ ಸಾಫ್ಟ್‌ವೇರ್ ಸಾಲಿಗೆ ಸಾಲು ಹೋಲಿಸುತ್ತದೆ ಅಷ್ಟೆ. ಇಲ್ಲದ 38 ಅಂಗಡಿಗಳು ಅದರ ಕಣ್ಣಿಗೆ ಬೀಳುವುದಿಲ್ಲ. ಕಾಪಿ ಹೊಡೆದದ್ದಕ್ಕಿಂತ ನನಗೆ ಹೆಚ್ಚು ನೋವಾಗಿದ್ದು ಅದೇ. ಮಾರ್ಕೆಟಿಂಗ್ ಅಂದರೆ ಗಿರಾಕಿ ಏನಂತಾನೆ ಅಂತ ಹೋಗಿ ಕೇಳುವ ವಿದ್ಯೆ. ಕೇಳದೇ ಅವನ ಉತ್ತರವನ್ನು ನಾವೇ ಬರೆದುಕೊಂಡರೆ ಕಲಿಯುವುದಕ್ಕೆ ಏನು ಉಳಿಯಿತು?

ಇಂಥ ರಿಪೋರ್ಟುಗಳನ್ನು 21 ವರ್ಷದಿಂದ ಓದುತ್ತಿದ್ದೇನೆ. ಗೂಗಲ್ ಫಾರ್ಮ್‌ನ ಶೀಟ್ ತೆಗೆದರೆ ಮೊದಲ ಕಾಲಮ್ಮೇ ಟೈಮ್‌ಸ್ಟ್ಯಾಂಪ್, ಅಂದರೆ ಉತ್ತರ ಬಂದ ದಿನ, ಸಮಯ. ಒಮ್ಮೆ ನನ್ನದೇ ವಿದ್ಯಾರ್ಥಿಗಳ ಶೀಟಿನಲ್ಲಿ 40 ಅಂಗಡಿಯವರು ರಾತ್ರಿ 11.40ರಿಂದ 12.25ರೊಳಗೆ ಉತ್ತರ ಕೊಟ್ಟಿದ್ದರು! ಎಲ್ಲರದೂ ‘ತುಂಬಾ ತೃಪ್ತಿ’. ಒಬ್ಬನಾದರೂ ಕಮಿಷನ್ ಸಾಲದು ಅನ್ನಲಿಲ್ಲ, ಕರೆಂಟ್ ಹೋಗಿ ಮೊಸರು ಹುಳಿಯಾದರೆ ಯಾರು ವಾಪಸ್ ತಗೋತಾರೆ ಅಂತ ಕೇಳಲಿಲ್ಲ. ನಿಜವಾದ ಅಂಗಡಿಯವನು ಬಾಯಿ ಬಿಟ್ಟರೆ ಮೊದಲು ಬರುವ ಮಾತೇ ಅದು. ನೀವು ಸುತ್ತಿದ 22 ಅಂಗಡಿಯಲ್ಲೂ ಯಾರೋ ಒಬ್ಬರು ಹೇಳಿರುತ್ತಾರೆ, ನೆನಪು ಮಾಡಿಕೋ.

ಇವತ್ತೇ ಗೆಳತಿಯ ಹತ್ತಿರ ಮಾತಾಡು. ಬೈಯಬೇಡ. ರಿಪೋರ್ಟಿನ ಡಿಕ್ಲರೇಷನ್ ಪುಟ ತೆಗೆದು ತೋರಿಸು. ‘ಇದು ನಮ್ಮ ಸ್ವಂತ ಕೆಲಸ’ ಅನ್ನುವ ಸಾಲಿನ ಕೆಳಗೆ ನಾಲ್ಕು ಸಹಿ ಇರಬೇಕು, ನಿನ್ನದೂ ಒಂದು. ಆಮೇಲೆ ನಾಲ್ವರೂ ಒಟ್ಟಿಗೇ ಗೈಡ್ ಹತ್ತಿರ ಹೋಗಿ, ‘22 ಆಗಿದೆ, ಉಳಿದದ್ದು ತಪ್ಪು ಮಾಡಿದ್ವಿ, ತೆಗೆದುಹಾಕ್ತೀವಿ’ ಅನ್ನಿ. ಒಟ್ಟಿಗೆ ಹೋದರೆ ಅದು ಹಿಡಿದುಕೊಟ್ಟ ಹಾಗಲ್ಲ. ಅವಳು ಬರಲ್ಲ ಅಂದರೂ ನೀನು ಹೋಗು, ನೀನು ಸುತ್ತಿದ ಅಂಗಡಿಗಳ ಪಟ್ಟಿ ಹಿಡಿದುಕೊಂಡು. ಗೈಡ್ ಗದರಬಹುದು, ಒಂದೆರಡು ಇಂಟರ್ನಲ್ ಮಾರ್ಕ್ಸ್ ಹೋಗಬಹುದು, ಹೋಗಲಿ.

ಸೀನಿಯರ್ ಅಧ್ಯಾಯಗಳನ್ನು ಮುಚ್ಚಿಟ್ಟು ಹೊಸದಾಗಿ ಬರೆಯಿರಿ. ಪದ ಬದಲಿಸಿದರೂ ಅದು ಅವರದೇ. 4ಪಿ (ಪ್ರಾಡಕ್ಟ್, ಪ್ರೈಸ್, ಪ್ಲೇಸ್, ಪ್ರಮೋಷನ್) ವಿಷಯ ಬಂದರೆ, 1960ರಲ್ಲಿ ಹಾಗೆ ವಿಂಗಡಿಸಿದವರು ಜೆರೋಮ್ ಮೆಕಾರ್ಥಿ ಅಂತ ಒಂದು ಸಾಲು ಹಾಕಿದರೆ ಆಯಿತು. ಚಾಟ್‌ಜಿಪಿಟಿ ಬಳಸಬಹುದೇ ಅಂತ ಗೈಡನ್ನೇ ಕೇಳಿ. ಬಳಸಿದ್ದರೆ ಎಲ್ಲಿ ಅಂತ ಬರೆಯಿರಿ.

22ಕ್ಕೇ ನಿಲ್ಲಿಸುವುದಾದರೆ, ಮಿತಿಗಳ ಭಾಗದಲ್ಲಿ ‘60 ಅಂದುಕೊಂಡಿದ್ದೆವು, 22 ಆಯಿತು, ಕಾರಣ ಇದು’ ಅಂತ ನೇರವಾಗಿ ಬರೆಯಿರಿ. ಆಗ 45.45 ಪರ್ಸೆಂಟ್ ಅಂತೆಲ್ಲ ಬೇಡ, ‘22ರಲ್ಲಿ 10 ಅಂಗಡಿ’ ಅಂದರೆ ಸಾಕು. ಆದರೆ ನನ್ನ ಆಸೆ ಬೇರೆ. 38 ಅಂಗಡಿ, ನಾಲ್ಕು ಜನ. ತಲೆಗೆ ಹತ್ತೂ ಬರಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ವ್ಯಾಪಾರ ತಣ್ಣಗಿರುತ್ತದೆ, ಅಂಗಡಿಯವರು ಮಾತಿಗೆ ಸಿಗುತ್ತಾರೆ. ಫೋನ್ ಜೊತೆಗೆ ಒಂದು ನೋಟ್‌ಬುಕ್ ಇಟ್ಟುಕೊಂಡು ಬೀದಿ, ಸಮಯ ಬರೆದುಕೊಳ್ಳಿ. ಉಳಿದ ಪ್ಯಾಕೆಟ್ ಏನು ಮಾಡ್ತೀರಿ ಅಂತ ಮಾತ್ರ ಮರೆಯದೇ ಕೇಳಿ.