ಸಂಪಾದಕರ ಉತ್ತರ: ಬಾಣಂತಿ ಕೋಣೆಗೆ ಕಲ್ಲಿದ್ದಲು ಕೆಂಡ ಬೇಡ

ಅಕ್ಕಾ, ನಮಸ್ಕಾರ.

ಗಂಗಾವತಿಯಿಂದ ಬಂದ ನಿಮ್ಮ ಪತ್ರ ಓದಿದೆ. ಮಗಳು ಚೊಚ್ಚಲ ಬಾಣಂತಿ, ಕೂಸಿಗೆ ಇನ್ನೂ ಹನ್ನೆರಡು ದಿನ. ಹೊರಸಿನ ಕೆಳಗಿಟ್ಟ ಶೆಗಡಿಯ ಕೆಂಡ ನಡುರಾತ್ರಿಗೇ ಬೂದಿಯಾಗುತ್ತದೆ ಅಂತ, ಲಾರಿ ಓಡಿಸುವ ನಿಮ್ಮ ತಮ್ಮ ಉಕ್ಕಿನ ಕಾರ್ಖಾನೆಯಿರುವ ತೋರಣಗಲ್ಲಿನ ಕಡೆಯಿಂದ ಅರ್ಧ ಚೀಲ ಕಲ್ಲಿದ್ದಲು ತಂದಿದ್ದಾರೆ. "ಬೆಳಗಿನ ತನಕ ಕಾಯುತ್ತದೆ, ಹೊಗೆಯೂ ಇಲ್ಲ. ಚಳಿ ದೇಶದವರು ಮನೆಯೊಳಗೇ ಉರಿಸುತ್ತಾರಂತೆ, ನಾವು ಉರಿಸಿದರೆ ತಪ್ಪೇನು?" ಇದು ನಿಮ್ಮ ಪ್ರಶ್ನೆ.

ದಯವಿಟ್ಟು ಉರಿಸಬೇಡಿ.

ಹಗುರ, ತೂತುತೂತು, ಬೂದು ಬಣ್ಣ ಅಂತ ಬರೆದಿದ್ದೀರಿ. ಹಾಗಾದರೆ ಅದು ಕೋಕ್. ಕಲ್ಲಿದ್ದಲನ್ನು ಗಾಳಿ ತಾಗದಂತೆ ಕಾಯಿಸಿ, ಹೊಗೆಯಾಗುವ ಅಂಶವನ್ನೆಲ್ಲ ತೆಗೆದ ಮೇಲೆ ಉಳಿಯುವ ಸರಕು. ಉಕ್ಕಿನ ಕಾರ್ಖಾನೆಯ ಕುಲುಮೆಯಲ್ಲಿ ಅದು ಶಾಖ ಕೊಡುವುದಲ್ಲದೆ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲವನ್ನೂ ಹುಟ್ಟಿಸುತ್ತದೆ. ಆ ಅನಿಲ ಅದಿರಿನೊಳಗಿನ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಸಂಡೂರಿನ ಕೆಂಪು ಅದಿರು ಕಬ್ಬಿಣವಾಗುವುದು ಹಾಗೆ. ಕೋಣೆಯಲ್ಲಿ ಅದೇ ಅನಿಲ ಮಗಳ ರಕ್ತಕ್ಕೆ ಅಂಟಿಕೊಳ್ಳುತ್ತದೆ, ಆಮ್ಲಜನಕಕ್ಕಿಂತ ಸುಮಾರು 200 ಪಟ್ಟು ಗಟ್ಟಿಯಾಗಿ, ಆಮ್ಲಜನಕಕ್ಕೆ ಜಾಗವೇ ಸಿಗದಂತೆ. ಬಣ್ಣವಿಲ್ಲ, ವಾಸನೆಯಿಲ್ಲ. ಕೂಸು ನಮಗಿಂತ ಬೇಗಬೇಗ ಉಸಿರಾಡುತ್ತದೆ, ಅದಕ್ಕೆ ಇನ್ನೂ ಬೇಗ ತಾಗುತ್ತದೆ.

ಕಟ್ಟಿಗೆ ಕೆಂಡವಾಗಲಿ, ಇದ್ದಿಲಾಗಲಿ, ಇದೇ ಕಥೆ. ಅಂಗಳದಲ್ಲಿ ಹೊತ್ತಿಸಿ, ಹೊಗೆ ಹೋದ ಮೇಲೆ ಒಳಗೆ ತರುವುದು ನಮ್ಮ ಹಿರಿಯರ ರೂಢಿ. ಕಣ್ಣುರಿ ತಪ್ಪುತ್ತದೆ, ಅಷ್ಟೇ. ಕೆಂಪಗೆ ಹೊಳೆಯುವ ಕೆಂಡವೂ ಆ ಅನಿಲ ಬಿಡುತ್ತಲೇ ಇರುತ್ತದೆ. ಮೇಲೆ ನಾವು ಕಿಟಕಿ ಸಂದಿಗೆ ಹಳೇ ಸೀರೆ ತುರುಕಿರುತ್ತೇವೆ!

ಬಳ್ಳಾರಿಯ ಒಂದು ಪ್ರೆಸ್ಸಿನಲ್ಲಿ ನಾನು ಪ್ರೂಫ್ ತಿದ್ದುತ್ತಿದ್ದಾಗ ಹೀಗೇ ಆಗಿತ್ತು. ಜನವರಿ ರಾತ್ರಿ, ಬಾಗಿಲು ಹಾಕಿ, ಕಬ್ಬಿಣದ ಬಾಂಡ್ಲಿಯಲ್ಲಿ ಇದ್ದಿಲು ಹಾಕಿ ಕೂತಿದ್ದೆವು. ಮೂವರಿಗೂ ತಲೆನೋವು, ವಾಕರಿಕೆ. ಪಿತ್ತ ಅಂದುಕೊಂಡು ಶುಂಠಿ ಚಹಾ ಕುಡಿದೆವು. ಚಹಾಕ್ಕೆಂದು ಹೊರಗೆ ಹೋದದ್ದೇ ನಮ್ಮನ್ನು ಉಳಿಸಿತು ಅಂತ ತಿಳಿದದ್ದು ವರ್ಷಗಳ ನಂತರ.

ಕೋವಿಡ್ ಕಾಲದ, ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಯಂತ್ರ ಇಟ್ಟು ನೋಡುತ್ತೇವೆ ಅಂದಿದ್ದೀರಿ. ಅದನ್ನು ನಂಬಬೇಡಿ. ಆಮ್ಲಜನಕ ಹೊತ್ತ ರಕ್ತಕ್ಕೂ ಈ ಅನಿಲ ಹೊತ್ತ ರಕ್ತಕ್ಕೂ ಅದಕ್ಕೆ ವ್ಯತ್ಯಾಸ ಗೊತ್ತಾಗದು. ಅಪಾಯದಲ್ಲೂ ಎಲ್ಲ ಸರಿಯಿದೆ ಎಂಬಂತೆ 98 ತೋರಿಸಬಹುದು.

ಚಳಿ ದೇಶದವರದ್ದು ಚಿಮಣಿ ಇರುವ ಒಲೆ. ಆ ಚಿಮಣಿ ಅನಿಲವನ್ನು ಸೂರಿನಾಚೆ ಒಯ್ಯುತ್ತದೆ. ಆದರೂ 1952ರ ಡಿಸೆಂಬರಿನಲ್ಲಿ ಲಂಡನ್ನಿನ ಮೇಲೆ ಐದು ದಿನ ಕವಿದ ಕಲ್ಲಿದ್ದಲ ಹೊಗೆಮಂಜಿಗೆ ಸಾವಿರಾರು ಜನ ಸತ್ತರು. ಅದರ ಬಿಸಿಗೇ ಅಲ್ಲಿ ಹೊಗೆಗೆ ಕಡಿವಾಣ ಹಾಕುವ 1956ರ ಶುದ್ಧ ಗಾಳಿ ಕಾನೂನು ಬಂತು.

ಅಜ್ಜಿ ಕೆಂಡ ಬೇಕೇ ಬೇಕು ಅಂದರೆ, ಕಿಟಕಿ ತೆಗೆದು ಖಾಲಿ ಕೋಣೆಯನ್ನು ಸ್ವಲ್ಪ ಹೊತ್ತು ಬೆಚ್ಚಗೆ ಮಾಡಿ, ಶೆಗಡಿ ಹೊರಗಿಟ್ಟು, ಗಾಳಿ ಆಡಿದ ಮೇಲೆ ತಾಯಿ ಮಗುವನ್ನು ಒಳಗೆ ಕರೆದುಕೊಳ್ಳಿ. ಮಲಗುವಾಗ ಬೆಂಕಿ ಬೇಡ. ಬಿಸಿನೀರಿನ ಚೀಲದಿಂದ ಹಾಸಿಗೆ ಬೆಚ್ಚಗಾಗಿಸಿ, ಕೂಸನ್ನು ಮಲಗಿಸುವ ಮುಂಚೆ ಅದನ್ನು ತೆಗೆದುಬಿಡಿ. ತಲೆಗೆ ಕುಲಾವಿ ಇರಲಿ. ಎಚ್ಚರವಿದ್ದಾಗ ತಾಯಿ ಕೂಸನ್ನು ಎದೆಗೆ, ಮೈಗೆ ಮೈ ತಾಗುವಂತೆ ಅವುಚಿಕೊಳ್ಳಲಿ. ಡಾಕ್ಟರುಗಳೂ ಇದನ್ನೇ ಹೇಳುತ್ತಾರೆ. ಯಾರಿಗಾದರೂ ತಲೆ ಸಿಡಿದರೆ, ಕೂಸು ಹಾಲು ಕುಡಿಯದೆ ಮಂಕಾದರೆ, ಎಲ್ಲರೂ ಹೊರಗೆ ಬಂದು ಆಸ್ಪತ್ರೆಗೆ ಹೊರಡಿ. ಅಲ್ಲಿ ಕೆಂಡ ಹಾಕಿದ್ದೆವು ಅಂತ ಮುಚ್ಚಿಡದೆ ಹೇಳಿ.

ಆ ಅರ್ಧ ಚೀಲವನ್ನು ಊರ ಕಮ್ಮಾರರಿಗೆ ಕೊಟ್ಟುಬಿಡಿ. ಅವರು ಬಯಲಲ್ಲಿ ತಿದಿ ಊದಿ ಉರಿಸುತ್ತಾರೆ.